ನಮ್ಮತ್ತೆಯ ಮೆಗಾಪಿಕ್ಸೆಲ್ ಸಂಕಟ

ನಮ್ಮ ಅತ್ತೆಯ ಎದುರು ಒಂದು ಫೋಟೋ ಹಿಡಿದು "ಚೆನ್ನಾಗಿದೆ ಅಲ್ವಾ" ಎಂದು ಕೇಳುವ ಧೈರ್ಯ ಇಡೀ ಬಸವೇಶ್ವರನಗರದಲ್ಲಿ ಯಾರಿಗೂ ಇಲ್ಲ. ಕೇಳಿದವರ ಅರ್ಧ ದಿನ ಹೋಯಿತೆಂದೇ ತಿಳಿಯಿರಿ. ಅತ್ತೆ ಕನ್ನಡಕವನ್ನು ಹಣೆಗೆ ಏರಿಸುತ್ತಾರೆ, ಫೋಟೋವನ್ನು ಮೂಗಿನ ತುದಿಗೆ ತರುತ್ತಾರೆ, ಮದುಮಗಳ ಮುಖ ಬಿಟ್ಟು ಅವಳ ಹಿಂದಿನ ಪರದೆಯ ಮೂಲೆಯನ್ನು ಪರೀಕ್ಷಿಸುತ್ತಾರೆ. ಆಮೇಲೆ ತೀರ್ಪು ಬರುತ್ತದೆ: "ನೆರಳಲ್ಲಿ ನಾಯ್ಸ್ ಇದೆ." ಪಕ್ಕದ ಮನೆಯವರು ಮಗಳ ಮದುವೆ ಆಲ್ಬಮ್ ತಂದಾಗಲೂ ಇದನ್ನೇ ಹೇಳಿದರು. ಆ ತಾಯಿ ಪಾಪ, ಓಲಗದವರ ಬಗ್ಗೆ ಹೇಳುತ್ತಿದ್ದಾರೆಂದು ತಿಳಿದು, "ಹೌದು ಮೇಡಂ, ಸ್ವಲ್ಪ ಜೋರಾಯ್ತು" ಎಂದು ಒಪ್ಪಿಕೊಂಡರು.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಅವರ ಜೊತೆಯವರೆಲ್ಲ ನಿವೃತ್ತಿಯಾದ ಮೇಲೆ ಭಜನೆಗೋ ಯೋಗಕ್ಕೋ ಸೊಸೆಯ ತಪ್ಪು ಹುಡುಕಲಿಕ್ಕೋ ಹೊರಟರೆ, ಇವರು ಜೇಡಗಳ ಫೋಟೋ ತೆಗೆಯಲು ಹೊರಟರು. ನಾಗರಬಾವಿಯ ಯೂನಿವರ್ಸಿಟಿ ಕ್ಯಾಂಪಸ್ಸಿಗೆ ಬೆಳಗಿನ ವಾಕಿಂಗ್ ಬರುವವರಿಗೆ ಅವರು ಚಿರಪರಿಚಿತರು. ಸೀರೆಯ ಮೇಲೆ ಹದಿನಾಲ್ಕು ಜೇಬಿನ ಖಾಕಿ ಜಾಕೆಟ್ಟು, ಪೊದೆಯ ಮುಂದೆ ಮಂಡಿಯೂರಿ ಕೂತ ಭಂಗಿ. ಹೊಸಬರು ಈ ಅಮ್ಮನ ಓಲೆಯೋ ಮೂಗುತಿಯೋ ಬಿದ್ದುಹೋಗಿರಬೇಕೆಂದು ಹುಡುಕಿಕೊಡಲು ಬರುತ್ತಾರೆ. ಬಂದವರಿಗೆ ಅತ್ತೆ ಸಂತೋಷದಿಂದ ಜೇಡ ತೋರಿಸುತ್ತಾರೆ. ಮಾರನೆಯ ದಿನದಿಂದ ಅವರು ಬೇರೆ ದಾರಿಯಲ್ಲಿ ವಾಕಿಂಗ್ ಹೋಗುತ್ತಾರೆ.

ಈ ಸಾಹಸಗಳಿಗೆ ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವವನು ನಾನು. ವಿಜಯನಗರದ ಒಂದು ವಿಮಾ ಕಚೇರಿಯಲ್ಲಿ ಕೆಲಸ; ಮನೆಯೂ ಹತ್ತಿರವೇ. ಅತ್ತೆಯ ಯಜಮಾನರು, ಅಂದರೆ ನಮ್ಮ ಮಾವ, ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದವರು. ಅವರು ದಿನಕ್ಕೆ ಸುಮಾರು ಎಂಟು ವಾಕ್ಯ ಮಾತಾಡುತ್ತಾರೆ. ಅದರಲ್ಲಿ ಆರು ಕಾಫಿಗೆ ಸಂಬಂಧಿಸಿದ್ದು.

ಅತ್ತೆಯ ಹಳೆಯ ಕ್ಯಾಮೆರಾಕ್ಕೆ ಹನ್ನೆರಡು ವರ್ಷವಾಗಿತ್ತು. ಬ್ಯಾಟರಿ ಮುಚ್ಚಳ ಬೀಳದ ಹಾಗೆ ಹೂವಿನಂಗಡಿಯ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಒಂದು ಬೆಳಗ್ಗೆ ಅದು ಕೆಮ್ಮಿದಂತೆ ಸದ್ದು ಮಾಡಿ ನಿಂತುಹೋಯಿತು. ರಿಪೇರಿಯವನು ಅದನ್ನು ಬಿಚ್ಚಿಯೂ ನೋಡದೆ ಕೈಮುಗಿದ. ಹೊಸದು ತೆಗೆದುಕೊಳ್ಳಲೇಬೇಕಾಯಿತು. ಅಂಗಡಿಗೆ ಹೋಗಿ, ತೋರಿಸಿ, ತರುವ ಕೆಲಸವೆಂದು ನಾನು ಅರ್ಧ ದಿನ ರಜೆ ಹಾಕಿದೆ. ನನ್ನ ಮೂರ್ಖತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ರಾಜಾಜಿನಗರದ ಅಂಗಡಿಯವರು ಬಹಳ ಮರ್ಯಾದೆಯಿಂದ ಕೂರಿಸಿ, ಒಂದು ದಪ್ಪ ಕ್ಯಾಮೆರಾವನ್ನು ಹಸುಗೂಸಿನ ಹಾಗೆ ಎತ್ತಿ ತಂದರು.

"ಮೇಡಂ, ನಲವತ್ತೈದು ಮೆಗಾಪಿಕ್ಸೆಲ್. ನಿಮ್ಮ ಮನೆ ಗೋಡೆಯಷ್ಟು ದೊಡ್ಡ ಪ್ರಿಂಟ್ ಹಾಕಬಹುದು."

"ಗೋಡೆಯಷ್ಟು ದೊಡ್ಡ ಜೇಡಾನ ಯಾರ ಮನೇಲಪ್ಪಾ ತೂಗು ಹಾಕ್ತಾರೆ?" ಎಂದರು ಅತ್ತೆ.

ಅವರು ತಬ್ಬಿಬ್ಬಾದರೂ ಬಿಡಲಿಲ್ಲ. ಚಿತ್ರದ ಒಂದು ಮೂಲೆಯನ್ನು ಮಾತ್ರ ಕತ್ತರಿಸಿ ಹಿಗ್ಗಿಸಿದರೂ ಜೇಡದ ಕಾಲಿನ ಕೂದಲು ಒಂದೊಂದಾಗಿ ಕಾಣುತ್ತದೆ ಎಂದರು. ಅತ್ತೆಯ ಮುಖ ಅರಳಿತು. ಅವರಿಗೆ ಬೇಕಾದದ್ದು ಅದೇ. ಅಕ್ಕಿಕಾಳಿನಷ್ಟಿರುವ ಜೇಡ, ಅದರ ಎಂಟೂ ಕಣ್ಣು ಲೆಕ್ಕಕ್ಕೆ ಸಿಗಬೇಕು. ನಾನು ಎದ್ದು ನಿಂತೆ, ಕೆಲಸ ಮುಗಿಯಿತೆಂದು.

"ಮತ್ತೆ ಎಲೆ ಕೆಳಗೆ, ಕತ್ತಲಲ್ಲಿ?" ಅತ್ತೆ ಕೇಳಿದರು.

ಅಂಗಡಿಯವರು ಪ್ರಾಮಾಣಿಕರು. ಅದೇ ಎಡವಟ್ಟಾಯಿತು. "ಅಲ್ಲಿ ಸ್ವಲ್ಪ ನಾಯ್ಸ್ ಬರುತ್ತೆ ಮೇಡಂ. ಬೆಳಕು ಕಮ್ಮಿ ಇದ್ದಾಗ ಚಿತ್ರದ ತುಂಬ ಸಣ್ಣ ಸಣ್ಣ ಚುಕ್ಕೆ ಚುಕ್ಕೆ. ಅದು ಬೇಡ ಅಂದ್ರೆ ಇನ್ನೊಂದಿದೆ, ಹನ್ನೆರಡು ಮೆಗಾಪಿಕ್ಸೆಲ್. ಕತ್ತಲಲ್ಲೂ ಕ್ಲೀನಾಗಿ ಬರುತ್ತೆ. ಆದ್ರೆ ಅದನ್ನ ಜಾಸ್ತಿ ಹಿಗ್ಗಿಸೋಕೆ ಆಗಲ್ಲ."

ಅಂದರೆ, ಒಂದರಲ್ಲಿ ಕಣ್ಣು ಎಣಿಸಬಹುದು, ಆದರೆ ಚುಕ್ಕೆಗಳ ಮಧ್ಯೆ ಹುಡುಕಬೇಕು. ಇನ್ನೊಂದರಲ್ಲಿ ಚುಕ್ಕೆ ಇಲ್ಲ, ಆದರೆ ಕಣ್ಣೂ ಕಾಣದಿರಬಹುದು. ಅತ್ತೆ ಎರಡನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಮುಕ್ಕಾಲು ಗಂಟೆ ಕೂತರು. ಆಮೇಲೆ ಎರಡನ್ನೂ ಕೆಳಗಿಟ್ಟು, "ಯೋಚನೆ ಮಾಡಿ ಬರ್ತೀನಿ" ಎಂದರು. ಆ ಯೋಚನೆ ಏಳು ತಿಂಗಳು ನಡೆಯಿತು.

ಒಂದು ಸಂಜೆ ನಾನು ಮಾವನನ್ನೇ ಕೇಳಿದೆ, ಇದೆಲ್ಲ ನಿಮಗೇನಾದರೂ ಅರ್ಥವಾಗುತ್ತದೆಯೇ ಎಂದು. ಅವರು ಪೇಪರ್ ಮಡಿಸಿಟ್ಟರು. "ಹೇರೋಹಳ್ಳಿ ಕಡೆ ನಾನು ಎಷ್ಟೋ ಲೇಔಟ್ ಅಳೆದಿದೀನಿ. ಒಂದೆಕರೆ ಜಾಗ. ಅದ್ರಲ್ಲಿ ಮೂವತ್ತು ನಲವತ್ತರ ಸೈಟ್ ಮಾಡಿದ್ರೆ ಸೈಟ್ ಕಮ್ಮಿ, ಆದ್ರೆ ಮನೆಗೆ ಗಾಳಿ ಬೆಳಕು ಬರುತ್ತೆ. ಅದೇ ಜಾಗದಲ್ಲಿ ಇಪ್ಪತ್ತು ಮೂವತ್ತು ಮಾಡಿದ್ರೆ ಸೈಟ್ ಜಾಸ್ತಿ, ಬೆಳಕಿಲ್ಲ, ಪಕ್ಕದ ಮನೆ ಗಲಾಟೆ ನಮ್ಮನೇಲಿ ಕೇಳುತ್ತೆ. ಅದೇ ನಾಯ್ಸ್."

ನನ್ನ ಜೀವನದಲ್ಲಿ ಒಂದು ವಿಷಯ ಇಷ್ಟು ಸ್ಪಷ್ಟವಾಗಿ ಅರ್ಥವಾದದ್ದು ಅಪರೂಪ. ಆ ಸ್ಪಷ್ಟತೆ ಎರಡು ನಿಮಿಷವಿತ್ತು. ಒಳಗಿನಿಂದ ಅತ್ತೆ ಬಂದು, "ಹಾಗೇನಿಲ್ಲ, ಜಾಗಾನೇ ದೊಡ್ಡದಿದ್ರೆ?" ಎಂದು ಕೇಳಿದರು. ಮಾವ ಮತ್ತೆ ಪೇಪರ್ ಬಿಡಿಸಿದರು. ಆ ದಿನದ ಅವರ ಮಾತಿನ ಕೋಟಾ ಮುಗಿದಿತ್ತು.

ಆಮೇಲೆ ಯಾರೋ ಹೇಳಿದರೆಂದು ಮೆಟ್ರೋ ಹತ್ತಿ ಕೆಂಗೇರಿಯಲ್ಲಿರುವ ಒಬ್ಬ ಮದುವೆ ಫೋಟೋಗ್ರಾಫರನ್ನು ಕಾಣಲು ಹೋದೆವು. ಅವನು ಅನುಭವಸ್ಥ. "ಆಂಟಿ, ಮಂಟಪದಲ್ಲಿ ಹೋಮದ ಹೊಗೆ ತುಂಬ್ಕೊಂಡಿರುತ್ತೆ. ಯಾವ್ದು ಹೊಗೆ, ಯಾವ್ದು ನಾಯ್ಸು, ಯಾರಿಗ್ ಗೊತ್ತಾಗುತ್ತೆ? ಕೊನೆಗೆ ಎಲ್ರೂ ನೋಡೋದು ಮೊಬೈಲಲ್ಲಿ. ಹನ್ನೆರಡೇ ಜಾಸ್ತಿ ಆಯ್ತು" ಎಂದ. ಇಷ್ಟು ಸರಳವಾದ ಉತ್ತರ ಅತ್ತೆಗೆ ಅವಮಾನವಾಗಿ ಕಂಡಿತು. ವಾಪಸು ಬರುವಾಗ ವಿಜಯನಗರ ಬರುವವರೆಗೂ ಕಿಟಕಿಯ ಆಚೆಗೇ ನೋಡುತ್ತಿದ್ದರು. ಇಳಿಯುವ ಮುಂಚೆ, "ಅವನಿಗೆ ಮದುಮಗಳ ಎರಡು ಕಣ್ಣು ಕಂಡ್ರೆ ಸಾಕು. ನನಗೆ ಎಂಟು ಬೇಕು" ಎಂದರು.

ಕಡೆಗೆ ರಾಜಾಜಿನಗರದ ಅಂಗಡಿಯವರೇ ಒಂದು ದಾರಿ ಹೇಳಿದರು: ಎರಡನ್ನೂ ಹತ್ತು ದಿನಕ್ಕೆ ಬಾಡಿಗೆಗೆ ಒಯ್ದು ಮನೆಯಲ್ಲಿ ಪರೀಕ್ಷೆ ಮಾಡಿ. ಈ ಗಿರಾಕಿ ಹತ್ತು ದಿನ ಅಂಗಡಿಗೆ ಬರುವುದಿಲ್ಲ ಎಂಬ ಲೆಕ್ಕವೂ ಇದ್ದಿರಬಹುದು.

ಆ ವಾರ ಅತ್ತೆಯ ಮನೆಯಲ್ಲಿ ಮುದ್ದೆ ಆಗಲಿಲ್ಲ. ರಾಗಿ ಮಾಡೆಲಿಂಗ್ ಮಾಡುತ್ತಿತ್ತು. ಮೊರದ ತುಂಬ ರಾಗಿ ಹರಡಿ, ಎರಡೂ ಕ್ಯಾಮೆರಾದಲ್ಲಿ ಚಿತ್ರ ತೆಗೆದು, ಯಾವುದರಲ್ಲಿ ಕಾಳು ಬಿಡಿಬಿಡಿಯಾಗಿ ಕಾಣುತ್ತದೆಂದು ನೋಡುವುದು ಒಂದು ಪರೀಕ್ಷೆ. ಉಗ್ರಾಣದ ಕತ್ತಲಲ್ಲಿ ಮಾವನ ಕಪ್ಪು ಕೊಡೆ ಬಿಚ್ಚಿಟ್ಟು, ಆ ಕಪ್ಪಿನಲ್ಲಿ ಎಷ್ಟು ಚುಕ್ಕೆ ಏಳುತ್ತವೆಂದು ನೋಡುವುದು ಇನ್ನೊಂದು. ಭಾನುವಾರ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಪರದೆಯ ತುಂಬ ಕಂದು ಚುಕ್ಕೆಗಳು.

"ನಾಯ್ಸ್ ಎಲ್ಲಿದೆ ಹೇಳು ನೋಡೋಣ."

ನಾನು ಬೆರಳಿಟ್ಟೆ.

"ಅದು ರಾಗಿ ಕಣೋ."

ಇನ್ನೊಂದು ಚಿತ್ರ ಬಂತು. ಈ ಸಲ ಮೋಸಹೋಗಬಾರದೆಂದು ತುಂಬ ಹೊತ್ತು ನೋಡಿದೆ. "ಇದು ರಾಗಿ ಅತ್ತೆ. ಚೆನ್ನಾಗಿ ಬಂದಿದೆ."

"ಅದು ಕೊಡೆ."

ಸೋಮವಾರ ಕಚೇರಿಗೆ ಫೋನ್ ಬಂತು. ಅತ್ತೆಯ ದನಿಯಲ್ಲಿ ಹೊಸ ಖಂಡವೊಂದನ್ನು ಕಂಡುಹಿಡಿದವರ ಗಾಂಭೀರ್ಯ.

"ಲೋ, ದೊಡ್ಡ ಕ್ಯಾಮೆರಾದ ಚಿತ್ರಾನ ಚಿಕ್ಕದು ಮಾಡಿ ನೋಡಿದ್ರೆ ನಾಯ್ಸ್ ಹೋಗಿಬಿಡುತ್ತೆ ಕಣೋ. ಎರಡೂ ಒಂದೇ ಥರ ಕಾಣುತ್ತೆ."

"ಹಾಗಾದ್ರೆ ದೊಡ್ಡದನ್ನೇ ತಗೊಳ್ಳಿ ಅತ್ತೆ."

"ಚಿಕ್ಕದು ಮಾಡೋ ಹಾಗಿದ್ರೆ ದೊಡ್ಡದು ಯಾಕೆ ತಗೋಬೇಕು?"

"ಸರಿ, ಚಿಕ್ಕದನ್ನೇ ತಗೊಳ್ಳಿ."

"ಮುಂದೆ ಯಾವಾಗ್ಲಾದ್ರೂ ದೊಡ್ಡದು ಮಾಡ್ಬೇಕು ಅನ್ನಿಸಿದ್ರೆ ಏನ್ ಮಾಡ್ಲಿ?"

"ಆಗ ಆಗಲ್ಲ ಅತ್ತೆ. ಈಗ್ಲೇ ಯೋಚನೆ ಮಾಡ್ಬೇಕು."

ನನ್ನ ಮೇಜಿನ ಎದುರು ಒಬ್ಬ ಗ್ರಾಹಕರು ಪಾಲಿಸಿ ಅರ್ಜಿ ತುಂಬಿಸುತ್ತ ಕೂತಿದ್ದರು. ಅವರು ಪೆನ್ನು ಕೆಳಗಿಟ್ಟು, "ಸಾರ್, ನಾನೂ ಮನೇಲಿ ಒಂದು ಮಾತು ಕೇಳ್ಕೊಂಡು ಬರ್ತೀನಿ" ಎಂದು ಎದ್ದುಹೋದರು.

ಇಲ್ಲಿಯವರೆಗೆ ನಡೆದದ್ದನ್ನು ನಾನು ನೆಂಟರಿಷ್ಟರಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಇನ್ನು ಮುಂದಿನದನ್ನು ಅಷ್ಟಾಗಿ ಹೇಳಿಲ್ಲ. ಅದರಲ್ಲಿ ನನ್ನ ಪಾತ್ರ ಹೇಳಿಕೊಳ್ಳುವಂಥದ್ದಲ್ಲ.

ಗುರುವಾರ ಬೆಳಗ್ಗೆ ಕಚೇರಿಗೆ ಮುಂಚೆ ಅತ್ತೆಯನ್ನು ಕ್ಯಾಂಪಸ್ಸಿಗೆ ಕರೆದುಕೊಂಡು ಹೋದೆ. ಅವರು ದೊಡ್ಡ ಕ್ಯಾಮೆರಾವನ್ನು ಎಡಗಣ್ಣಿಗೆ ಹಿಡಿದರು. ಅವರು ಯಾವಾಗಲೂ ನೋಡುವುದು ಎಡಗಣ್ಣಿನಲ್ಲೇ. ತಕ್ಷಣ ಮುಖ ಸಿಂಡರಿಸಿದರು.

"ನಾಯ್ಸ್. ಹಗಲು ಬೆಳಕಲ್ಲೇ ನಾಯ್ಸ್. ಕಪ್ಪು ಕಪ್ಪು ಚುಕ್ಕೆ, ಓಡಾಡ್ತಾ ಇದೆ. ನೋಡೋ."

ನಾನು ಕಣ್ಣಿಟ್ಟು ನೋಡಿದೆ. ಹೊಂಗೆ ಎಲೆ, ಅದರ ಮೇಲೆ ಬಿಸಿಲು. ಮತ್ತೇನೂ ಇರಲಿಲ್ಲ.

"ಕಾಣ್ತಾ?"

ಗಂಟೆ ಒಂಬತ್ತೂವರೆಯಾಗಿತ್ತು. ಕಾಣಲಿಲ್ಲವೆಂದರೆ ಎಲ್ಲಿದೆಯೆಂದು ತೋರಿಸುತ್ತಾರೆ. ಅದು ಇನ್ನೂ ಅರ್ಧ ಗಂಟೆಯ ಪಾಠ. ಅದೂ ಅಲ್ಲದೆ, ರಾಗಿ ಮತ್ತು ಕೊಡೆಯ ವ್ಯತ್ಯಾಸ ತಿಳಿಯದ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಇದ್ದರೂ ಇರಬಹುದು, ಯಾರಿಗೆ ಗೊತ್ತು?

"ಹ್ಞೂಂ ಅತ್ತೆ, ಇದೆ."

"ಎಡಗಡೆ ಜಾಸ್ತಿ ಅಲ್ವಾ?"

"ಹೌದು, ಎಡಗಡೆ ಜಾಸ್ತಿ."

ಅವರಿಗೆ ಸಮಾಧಾನವಾಯಿತು. ನಾನು ಹೊತ್ತಿಗೆ ಸರಿಯಾಗಿ ಕಚೇರಿ ಸೇರಿದೆ. ಶನಿವಾರ ಚಿಕ್ಕ ಕ್ಯಾಮೆರಾದಲ್ಲೂ ಅದೇ ಚುಕ್ಕೆ ಬಂತೆಂದು ಫೋನ್ ಮಾಡಿದರು. ಇದು ಕತ್ತಲಿನ ರಾಜ ಎಂದು ಹೊಗಳಿದ್ದ ಅಂಗಡಿಯವರನ್ನು ಚೆನ್ನಾಗಿ ಬೈದರು. ನಾನೂ ಜೊತೆಗೆ ಎರಡು ಮಾತು ಬೈದೆ.

ಮತ್ತೆ ಸೋಮವಾರ ಬೆಳಗ್ಗೆ, ಎರಡು ಕ್ಯಾಮೆರಾಗಳನ್ನೂ ಹಿಂದಿರುಗಿಸಲು ಅತ್ತೆಯ ಮನೆಗೆ ಹೋದೆ. ಅವರು ಮೂರನೆಯ ಒಂದು ಕ್ಯಾಮೆರಾದ ಗುಣಗಾನ ಶುರು ಮಾಡಿದ್ದರು. ಮಾವ ಪೇಪರಿನ ಮೇಲಿಂದ ನೋಡಿದರು.

"ಎರಡರಲ್ಲೂ ಚುಕ್ಕೆ ಒಂದೇ ಕಡೆ ಬರುತ್ತಾ?"

"ಹ್ಞೂಂ ರೀ. ಎರಡರಲ್ಲೂ ಎಡಗಡೇನೇ."

ಮಾವ ಪೇಪರ್ ಮಡಿಸಿಟ್ಟರು. "ಎರಡು ಬೇರೆ ಬೇರೆ ಸರಪಳೀಲಿ ಅಳೆದ್ರೂ ಒಂದೇ ತಪ್ಪು ಬರ್ತಿದೆ ಅಂದ್ರೆ, ತಪ್ಪು ಸರಪಳೀದಲ್ಲ. ಆ ಕ್ಯಾಮೆರಾ ಕೆಳಗಿಡು. ಬಲಗಣ್ಣು ಮುಚ್ಕೋ. ಗೋಡೆ ನೋಡು."

ಅತ್ತೆ ನಗುತ್ತಲೇ ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಕ್ಯಾಲೆಂಡರ್ ಪಕ್ಕದ ಬಿಳಿ ಗೋಡೆಯ ಕಡೆ ತಿರುಗಿದರು. ನಗು ನಿಧಾನವಾಗಿ ಹೋಯಿತು.

"ಗೋಡೆ ಮೇಲೂ ಇದೆ ರೀ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಕೆಳಗಿನ ಮೂಲೆ ಕಾಣ್ತಿಲ್ಲ. ಅಲ್ಲಿ ಯಾರೋ ಪರದೆ ಎಳೆದ ಹಾಗಿದೆ."

ಮಾವ ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅಷ್ಟು ಬೇಗ ಅವರು ಎದ್ದದ್ದನ್ನು ನಾನು ಕಂಡಿರಲಿಲ್ಲ.

ಕಣ್ಣಾಸ್ಪತ್ರೆಯ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿಗೆ ಔಷಧಿ ಹಾಕಿ, ದೀಪ ಬಿಟ್ಟು, ತುಂಬ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆ ಹರಿದು, ಗೋಡೆಯ ಬಣ್ಣ ಸುಲಿದು ಬರುವ ಹಾಗೆ ಒಂದು ಕಡೆಯಿಂದ ಬಿಟ್ಟುಕೊಳ್ಳುತ್ತಿದೆ, ನಾಳೆಯೇ ಆಪರೇಷನ್ ಆಗಬೇಕು ಎಂದರು. ಆಮೇಲೆ ಕೇಳಿದರು:

"ಚುಕ್ಕೆ ಕಾಣೋಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮ?"

"ಗುರುವಾರದಿಂದ ಡಾಕ್ಟ್ರೇ. ಆದ್ರೆ ನಾನು ಕ್ಯಾಮೆರಾದ್ದೇ ತೊಂದ್ರೆ ಅಂದ್ಕೊಂಡೆ. ಯಾಕಂದ್ರೆ ನಮ್ಮ ಹುಡುಗನಿಗೂ ಕಾಣ್ತಿತ್ತು."

ಡಾಕ್ಟರು ನನ್ನ ಕಡೆ ತಿರುಗಿದರು. ನಲವತ್ತಾರು ವರ್ಷದ ಹುಡುಗ ನಾನು. "ನಿಮಗೂ ಕಾಣ್ತಾ ಇದ್ಯಾ? ಹಾಗಿದ್ರೆ ನಿಮ್ಮ ಕಣ್ಣೂ ನೋಡ್ಬೇಕು. ಕೂತ್ಕೊಳ್ಳಿ" ಎಂದು ಔಷಧಿಯ ಸೀಸೆ ತೆಗೆದರು.

"ಬೇಡ ಡಾಕ್ಟ್ರೇ" ಎಂದೆ. "ನಂಗೇನೂ ಕಾಣ್ತಿರಲಿಲ್ಲ."

ಅತ್ತೆ ಔಷಧಿ ಹಾಕಿದ ಕಣ್ಣನ್ನು ಕಷ್ಟಪಟ್ಟು ತೆರೆದು ನನ್ನನ್ನು ನೋಡಿದರು.

"ಮತ್ತೆ ಹ್ಞೂಂ ಅಂದೆ?"

"ಹ್ಞೂಂ ಅಂದ್ರೆ ಬೇಗ ಮುಗಿಯುತ್ತೆ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಇನ್ಮೇಲೆ ಕಾಣ್ದಿದ್ರೆ ಕಾಣಲ್ಲ ಅನ್ನು" ಎಂದಷ್ಟೇ ಹೇಳಿ ಮಾವನ ಕೈ ಹಿಡಿದುಕೊಂಡರು. ನಾಲ್ಕು ದಿನ ಮುಂಚೆ ಬಂದಿದ್ದರೆ ಆಪರೇಷನ್ ಇಲ್ಲದೆ ಮುಗಿಯುತ್ತಿತ್ತೇ ಎಂದು ನಾನು ಡಾಕ್ಟರನ್ನು ಹೊರಗೆ ಕೇಳಿದೆ. "ಮುಗಿದಿರಬಹುದಿತ್ತು. ಹೇಳೋಕಾಗಲ್ಲ" ಎಂದರು. ಆ ಮಾತು ನನ್ನೊಳಗೆ ಇನ್ನೂ ಇದೆ.

ಕ್ಯಾಮೆರಾ ಏನಾಯಿತು ಎಂದು ಕೇಳುವವರಿಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಆಪರೇಷನ್ ಸುಸೂತ್ರವಾಗಿ ಆಯಿತು. ಎಡಗಣ್ಣಿನ ದೃಷ್ಟಿ ಮುಕ್ಕಾಲು ಪಾಲು ಹಿಂದಿರುಗಿತು. ಐದು ತಿಂಗಳ ಮೇಲೆ ಅತ್ತೆ ಅದೇ ಅಂಗಡಿಗೆ ಹೋಗಿ, ನಲವತ್ತೈದನ್ನೂ ಬಿಟ್ಟು, ಹನ್ನೆರಡನ್ನೂ ಬಿಟ್ಟು, ಹತ್ತೇ ನಿಮಿಷದಲ್ಲಿ ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ಲಿನ ಒಂದು ಕ್ಯಾಮೆರಾ ಕೊಂಡರು. ಅಂಗಡಿಯವರು ನಂಬಲಾರದೆ ಕಾರಣ ಕೇಳಿದರು. "ಇದು ತೂಕ ಕಮ್ಮಿ ಇದೆ" ಎಂದರು ಅತ್ತೆ. ಈಗ ಬಲಗಣ್ಣಿನಲ್ಲಿ ನೋಡುವುದನ್ನು ಕಲಿತಿದ್ದಾರೆ. ಜೇಡದ ಕಣ್ಣು ಕೆಲವು ಸಲ ಎಂಟೂ ಸಿಗುತ್ತವೆ, ಕೆಲವು ಸಲ ಆರು. ನಾಯ್ಸ್ ಮತ್ತು ಮೆಗಾಪಿಕ್ಸೆಲ್‌ಗಳಲ್ಲಿ ಯಾವುದು ಮುಖ್ಯ ಎಂದು ನನಗೆ ಇವತ್ತಿಗೂ ತಿಳಿಯದು. ಯಾರಾದರೂ ಕೇಳಿದರೆ ಕಾಣಲ್ಲ ಎನ್ನುತ್ತೇನೆ.

ಆದರೆ ನನಗೆ ನೆನಪಾಗುವುದು ಕ್ಯಾಮೆರಾ ಕೊಂಡ ದಿನವಲ್ಲ, ಆಪರೇಷನ್ ಆದ ಮೂರನೆಯ ದಿನ. ಕಣ್ಣಿನೊಳಗೆ ಅದೇನೋ ಗಾಳಿಯ ಗುಳ್ಳೆ ಬಿಟ್ಟಿರುತ್ತಾರಂತೆ. ಅದು ಪರದೆಯನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕಾದರೆ ರೋಗಿ ಹತ್ತು ದಿನ ಮುಖ ಕೆಳಗೆ ಮಾಡಿಯೇ ಇರಬೇಕು. ಉಣ್ಣುವಾಗ, ಮಲಗುವಾಗ, ಯಾವಾಗಲೂ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾನು ಎಳನೀರು ಹಿಡಿದುಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಅತ್ತೆ ಎದೆಯ ಕೆಳಗೆ ಎರಡು ದಿಂಬು ಇಟ್ಟುಕೊಂಡು ಮಂಚದ ಮೇಲೆ ಬೋರಲು ಮಲಗಿದ್ದರು. ಮುಖ ಮಂಚದ ಅಂಚಿನಿಂದ ಆಚೆ ಬಾಗಿತ್ತು. ಎಡಗಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ. ಮಾವ ಎಲ್ಲೂ ಕಾಣಲಿಲ್ಲ. ಆದರೆ ಅವರ ದನಿ ಕೇಳುತ್ತಿತ್ತು, ನಿಲ್ಲದೆ.

ಬಗ್ಗಿ ನೋಡಿದೆ. ಮಾವ ನೆಲದ ಮೇಲೆ, ಅತ್ತೆಯ ಮುಖದ ನೇರಕ್ಕೆ ಮುಖ ಮೇಲೆ ಮಾಡಿ ಮಲಗಿದ್ದರು. ಎಪ್ಪತ್ತೊಂದು ವರ್ಷದ ಮನುಷ್ಯ. ಪೇಪರನ್ನು ಪಕ್ಕಕ್ಕೆ ಹಿಡಿದು ಓದಿ ಹೇಳುತ್ತಿದ್ದರು. ಒಳಪುಟದ ಟೆಂಡರ್ ಪ್ರಕಟಣೆ, ಕಾಣೆಯಾದವರು, ರಸ್ತೆ ಅಗೆತ, ಏನನ್ನೂ ಬಿಟ್ಟಿರಲಿಲ್ಲ.

"ಏನ್ ಮಾವ, ಕೆಳಗೆ ಮಲಗಿದೀರಾ?"

"ಮೊಸಾಯಿಕ್ ನೆಲ ನೋಡು" ಎಂದರು ಮಾವ, ಏಳದೆ. "ತುಂಬಾ ಚುಕ್ಕೆ. ಮೊದಲ ದಿನ ಅದನ್ನ ನೋಡಿ ನೋಡಿ, ಮತ್ತೆ ಬಂತು ಅಂತ ಹೆದರ್ಕೊಂಡ್ಬಿಟ್ಲು. ಬೆಡ್‌ಶೀಟ್ ಹಾಸಿದೆ, ಅದ್ರಲ್ಲೂ ಹೂವು. ಅದಕ್ಕೆ ನಾನೇ ಮಲಗಿದೆ."

"ಮೂರು ದಿನದಿಂದ ಎದ್ದಿಲ್ಲ ಕಣೋ ಇವ್ರು. ಬೆನ್ನು ನೋಯುತ್ತೆ ಅಂದ್ರೂ ಕೇಳಲ್ಲ" ಎಂದರು ಅತ್ತೆ, ನೆಲದ ಕಡೆಗೇ.

ಎಳನೀರನ್ನು ಮೇಜಿನ ಮೇಲಿಟ್ಟು ಅಲ್ಲೇ ಗೋಡೆಗೆ ಒರಗಿ ಕೂತೆ. ಮಾವ ಪುಟ ತಿರುಗಿಸಿದರು. ಆಗ ಒಂದು ಹನಿ ಅವರ ಕೆನ್ನೆಯ ಮೇಲೆ ಬಿತ್ತು.

"ಡ್ರಾಪ್ಸು" ಎಂದರು ಅತ್ತೆ.

"ಹೌದು, ಡ್ರಾಪ್ಸು" ಎಂದರು ಮಾವ.

ಡ್ರಾಪ್ಸ್ ಹಾಕುತ್ತಿದ್ದದ್ದು ಎಡಗಣ್ಣಿಗೆ. ಹನಿ ಬಿದ್ದದ್ದು ಬಲಗಣ್ಣಿನಿಂದ. ಮಾವ ಕೆನ್ನೆ ಒರೆಸಿಕೊಳ್ಳಲಿಲ್ಲ. ಪೇಪರನ್ನು ಸ್ವಲ್ಪ ಬೆಳಕಿಗೆ ಹಿಡಿದು, ಹವಾಮಾನ ವರದಿ ಓದಲು ಶುರು ಮಾಡಿದರು.